ಹನ್ನೆರಡು ವರ್ಷದ ಹೊಟ್ಟೆನೋವು: ಸಿಂಧನೂರು ತಾಲ್ಲೂಕಿನ ಒಂದು ಎಂಡೊಮೆಟ್ರಿಯೋಸಿಸ್ ಪ್ರಕರಣ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ 26 ವರ್ಷದ ಮಹಿಳೆಯೊಬ್ಬಳಿಗೆ ಎಂಡೊಮೆಟ್ರಿಯೋಸಿಸ್ ಇದೆ ಎಂಬುದು 2024ರ ಆರಂಭದಲ್ಲಿ ಒಂದು ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಗೊತ್ತಾಯಿತು. ಆಕೆಗೆ ನೋವು ಶುರುವಾದದ್ದು 14ನೇ ವಯಸ್ಸಿನಲ್ಲಿ. ನಡುವಿನ ಹನ್ನೆರಡು ವರ್ಷ ಆಕೆ ಸರ್ಕಾರದ ಆರೋಗ್ಯ ವ್ಯವಸ್ಥೆಯಿಂದ ದೂರ ಉಳಿದವಳಲ್ಲ. ಶಾಲೆಯಲ್ಲಿ ಉಚಿತ ಪ್ಯಾಡ್ ಪಡೆದಿದ್ದಾಳೆ, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನುಂಗಿದ್ದಾಳೆ, ಮದುವೆಯಾದ ಮೇಲೆ ಆಶಾ ಕಾರ್ಯಕರ್ತೆ ಕುಟುಂಬ ಯೋಜನೆಗೆಂದು ಇಡುವ ದಂಪತಿ ಪಟ್ಟಿಯಲ್ಲಿ ಸೇರಿದ್ದಾಳೆ, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದ ತುಂಬ ಕೂಡಿಟ್ಟಿದ್ದಾಳೆ. ಆ ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಓದಿದಾಗ ಎದ್ದು ಕಾಣುವ ಸಂಗತಿ ಒಂದೇ: ಆಕೆಯ ನೋವು ಮುಟ್ಟಿನೊಂದಿಗೆ ಬಂದು ಹೋಗುತ್ತದೆಯೇ ಎಂದು ಯಾರೂ ಬರೆದುಕೊಂಡಿಲ್ಲ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಈ ಪ್ರಕರಣವನ್ನು ಇಲ್ಲಿ ದಾಖಲಿಸಲಾಗಿದೆ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಪೊರೆಯಲ್ಲಿ, ಗರ್ಭಕೋಶ ಮತ್ತು ಗುದನಾಳದ ನಡುವಿನ ಜಾಗದಲ್ಲಿ, ಕೆಲವೊಮ್ಮೆ ಕರುಳು ಅಥವಾ ಮೂತ್ರಕೋಶದ ಮೇಲೆ ಬೆಳೆಯುವುದನ್ನು ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ತಿಂಗಳ ಹಾರ್ಮೋನುಗಳ ಏರಿಳಿತಕ್ಕೆ ಆ ಅಂಗಾಂಶವೂ ಸ್ಪಂದಿಸುತ್ತದೆ. ಅಲ್ಲಿ ಉರಿಯೂತ ಉಂಟಾಗುತ್ತದೆ, ಕಲೆಗಟ್ಟುತ್ತದೆ, ಕಾಲಕ್ರಮದಲ್ಲಿ ಅಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ಗಟ್ಟಿಯಾಗಿ ತುಂಬಿಕೊಂಡ ಗಡ್ಡೆಯನ್ನು ವೈದ್ಯರು ಚಾಕೊಲೇಟ್ ಸಿಸ್ಟ್ ಎಂದು ಕರೆಯುವುದನ್ನು ಹಲವರು ಕೇಳಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರು ಮತ್ತು ಬಾಲಕಿಯರಲ್ಲಿ ಸುಮಾರು ಶೇ 10ರಷ್ಟು, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಮಂದಿಗೆ ಈ ಕಾಯಿಲೆ ಇದೆ. ಪೂರ್ತಿ ಗುಣಪಡಿಸುವ ಔಷಧ ಇಲ್ಲ, ಆದರೆ ನೋವನ್ನು ಹತೋಟಿಯಲ್ಲಿಡುವ ಔಷಧಗಳಿವೆ, ಮತ್ತು ಅವುಗಳಲ್ಲಿ ಕೆಲವು ದುಬಾರಿಯೇನೂ ಅಲ್ಲ. ರೋಗ ಎಷ್ಟು ಹರಡಿದೆ ಎಂಬುದಕ್ಕೂ ನೋವು ಎಷ್ಟಿದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ಒಳಗೆ ಸಣ್ಣ ಕಲೆಗಳಷ್ಟೇ ಇರುವ ಹೆಣ್ಣುಮಗಳು ಹಾಸಿಗೆ ಹಿಡಿಯಬಹುದು, ದೊಡ್ಡ ಗಡ್ಡೆ ಇರುವವಳು ಏನೂ ತಿಳಿಯದೆ ಓಡಾಡಿಕೊಂಡಿರಬಹುದು.

ಶಾಲೆಯ ವರ್ಷಗಳು

ಆಕೆ ಮೈನೆರೆದದ್ದು 2011ರಲ್ಲಿ, 13ನೇ ವಯಸ್ಸಿಗೆ. ಮೊದಲ ಒಂದು ವರ್ಷ ಹೆಚ್ಚಿನ ತೊಂದರೆ ಇರಲಿಲ್ಲ. ಆಮೇಲೆ ಮುಟ್ಟಿನ ಮೊದಲೆರಡು ದಿನ ಕಿಬ್ಬೊಟ್ಟೆ, ನಡ ಮತ್ತು ತೊಡೆಯವರೆಗೆ ಇಳಿಯುವ ನೋವು ಶುರುವಾಯಿತು. ವಾಂತಿಯಾಗುತ್ತಿತ್ತು. ತಿಂಗಳಿಗೆ ಎರಡು ದಿನ, ಕೆಲವೊಮ್ಮೆ ಮೂರು ದಿನ ಶಾಲೆ ತಪ್ಪುತ್ತಿತ್ತು. 'ಎಲ್ಲಾರಿಗೂ ಆಗೋದ ಐತಿ, ಹೆಣ್ಣಾದಮ್ಯಾಲ ತಡಕೋಬೇಕು' ಎಂದು ತಾಯಿ ಹೇಳಿದ್ದು ಕ್ರೂರತನದಿಂದಲ್ಲ. ಆ ತಾಯಿಯೂ ಅದೇ ನೋವನ್ನು ತಡೆದುಕೊಂಡೇ ಭತ್ತದ ನಾಟಿಗೆ ಹೋದವರು. ಈ ಕಾಯಿಲೆ ತಾಯಿ ಅಥವಾ ಅಕ್ಕತಂಗಿಯರಲ್ಲಿ ಇದ್ದರೆ ಉಳಿದವರಿಗೂ ಬರುವ ಸಂಭವ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಇಂಥ ಮನೆಗಳಲ್ಲಿಯೇ ತೀವ್ರ ನೋವು ಸಹಜವೆಂಬ ನಂಬಿಕೆ ಗಟ್ಟಿಯಾಗಿ ಬೇರೂರಿರುತ್ತದೆ.

ಆ ಕಾಲ ಸರ್ಕಾರ ಹದಿಹರೆಯದ ಬಾಲಕಿಯರತ್ತ ಗಮನ ಹರಿಸತೊಡಗಿದ್ದ ಕಾಲವೂ ಹೌದು. ಕರ್ನಾಟಕದಲ್ಲಿ 'ಶುಚಿ' ಯೋಜನೆಯಡಿ ಶಾಲಾ ಬಾಲಕಿಯರಿಗೆ ಉಚಿತ ಸ್ಯಾನಿಟರಿ ಪ್ಯಾಡ್ ಕೊಡಲು ಆರಂಭವಾದದ್ದು 2013–14ರಲ್ಲಿ. ಕೇಂದ್ರದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರ ಜನವರಿಯಲ್ಲಿ ಜಾರಿಗೆ ಬಂತು; 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಆಪ್ತ ಸಮಾಲೋಚನಾ ಕೇಂದ್ರಗಳು ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್ ಎಂಬ ಹೆಸರಿನಲ್ಲಿವೆ. ಇವು ಸಣ್ಣ ಕೆಲಸಗಳಲ್ಲ. ಪ್ಯಾಡ್ ಸಿಕ್ಕಿದ್ದರಿಂದ ಶಾಲೆಗೆ ಬಂದ ಹುಡುಗಿಯರಿದ್ದಾರೆ, ಮಾತ್ರೆಯಿಂದ ರಕ್ತಹೀನತೆ ತಗ್ಗಿದವರಿದ್ದಾರೆ. ಆದರೆ ಈ ಯೋಜನೆಗಳು ಮುಟ್ಟನ್ನು ನೈರ್ಮಲ್ಯದ ವಿಷಯವಾಗಿ ಮತ್ತು ರಕ್ತಹೀನತೆಯ ಕಾರಣವಾಗಿ ಮಾತ್ರ ಮುಟ್ಟಿದವು. ಈ ಹುಡುಗಿಗೆ ಪ್ಯಾಡ್ ಕೊಟ್ಟ ಶಿಕ್ಷಕಿಯ ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳು ಎರಡು ಗೈರುಹಾಜರಿಗಳು ಕಾಣುತ್ತಿದ್ದವು. ಪ್ಯಾಡಿನ ಲೆಕ್ಕವೂ ಹಾಜರಿಯ ಲೆಕ್ಕವೂ ಒಂದೇ ಕೈಯಲ್ಲಿದ್ದರೂ ಎರಡನ್ನೂ ಕೂಡಿಸಿ ನೋಡುವ ಕೆಲಸವನ್ನು ಯಾವ ಸುತ್ತೋಲೆಯೂ ಆ ಶಿಕ್ಷಕಿಗೆ ಒಪ್ಪಿಸಿರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದಳು. ಪಿಯುಸಿಗೆ ಸಿಂಧನೂರಿಗೆ ಬಸ್ಸಿನಲ್ಲಿ ಓಡಾಡಬೇಕಿತ್ತು. ನೋವಿನ ದಿನಗಳಲ್ಲಿ ನಿಂತು ಪ್ರಯಾಣ ಮಾಡಲಾಗದೆ ಎರಡನೆಯ ವರ್ಷ ಓದು ನಿಂತಿತು. ಮನೆಯಲ್ಲಿ ಹೇಳಿಕೊಂಡ ಕಾರಣ ಬೇರೆ.

ಮದುವೆಯ ನಂತರ

2017ರಲ್ಲಿ, 19ನೇ ವಯಸ್ಸಿಗೆ, ಅದೇ ತಾಲ್ಲೂಕಿನ ನಾಲಾ ಸೀಮೆಯ ಹಳ್ಳಿಗೆ ಮದುವೆಯಾಯಿತು. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟರೆ ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ ಕಡೆಯ ಹೆಂಗಸರಿಗೆ ನಾಟಿಯ ಕೆಲಸ ಸಿಗುತ್ತದೆ. ನಾಟಿ ಬಹುತೇಕ ಎಕರೆ ಲೆಕ್ಕದ ಗುತ್ತಿಗೆ. ಹತ್ತು ಹದಿನೈದು ಹೆಂಗಸರ ಗುಂಪು ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಒಬ್ಬಳು ಬದುವಿನ ಮೇಲೆ ಕುಳಿತರೆ ಉಳಿದವರ ಕೂಲಿಯೇ ಕಡಿಮೆಯಾಗುತ್ತದೆ. ಹಾಗಾಗಿ ಆಕೆ ಮುಟ್ಟಿನ ದಿನಗಳಲ್ಲಿ ಊರಿನ ಆರ್‌ಎಂಪಿ (ವೈದ್ಯಕೀಯ ಪದವಿ ಇಲ್ಲದ ಹಳ್ಳಿಯ ಚಿಕಿತ್ಸಕ) ಬಳಿ ಬೆಳಗ್ಗೆಯೇ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಕೆಸರಿಗೆ ಇಳಿಯುವುದನ್ನು ರೂಢಿ ಮಾಡಿಕೊಂಡಳು. ಖಾಲಿ ಹೊಟ್ಟೆಯಲ್ಲಿ ನುಂಗಿದ ಮಾತ್ರೆಗಳಿಂದ ಹೊಟ್ಟೆಯುರಿ ಶುರುವಾಗಿ ಅದಕ್ಕೆ ಬೇರೆ 'ಗ್ಯಾಸಿನ ಗುಳಿಗಿ' ಸೇರಿಕೊಂಡಿತು.

ಮದುವೆಯ ನಂತರ ಎರಡು ಹೊಸ ಲಕ್ಷಣಗಳು ಕಾಣಿಸಿಕೊಂಡವು. ಗಂಡನೊಂದಿಗೆ ಕೂಡುವಾಗ ಒಳಗೆ ಆಳದಲ್ಲಿ ನೋವು. ಮತ್ತು ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯ ಹೊತ್ತಿಗೆ ಚೂರಿ ಹಾಕಿದಂಥ ನೋವು. ಎರಡನೆಯದನ್ನು ಆಕೆ ಏಳು ವರ್ಷ ಯಾರಿಗೂ ಹೇಳಿರಲಿಲ್ಲ. ಆ ಹಳ್ಳಿಯಲ್ಲಿ ಮನೆಗೆ ಶೌಚಾಲಯ ಬರುವ ಮೊದಲು ಹೆಂಗಸರು ನಸುಕಿನಲ್ಲಿ ಜೊತೆಯಾಗಿ ಬಯಲಕಡೆಗೆ ಹೋಗುತ್ತಿದ್ದರು. ಈಕೆ ತಡಮಾಡುತ್ತಾಳೆ ಎಂದು ಉಳಿದವರು ಬೈದುಕೊಂಡು ಮುಂದೆ ನಡೆಯುತ್ತಿದ್ದರು. ರೋಗನಿರ್ಣಯದ ದೃಷ್ಟಿಯಿಂದ ಆಕೆಯ ಇಡೀ ಚರಿತ್ರೆಯಲ್ಲಿ ಅತಿ ಮುಖ್ಯವಾದ ಲಕ್ಷಣ ಇದೇ, ಏಕೆಂದರೆ ಮುಟ್ಟಿನ ದಿನಗಳಿಗೆ ಮಾತ್ರ ಸೀಮಿತವಾದ ಇಂಥ ನೋವು ಗರ್ಭಕೋಶದ ಹಿಂಭಾಗದಲ್ಲಿ ರೋಗ ಆಳವಾಗಿ ಬೇರೂರಿರುವುದರ ಸುಳಿವಾಗಿರಬಹುದು. ಕೇಳಿದ್ದರೆ ಹೇಳುತ್ತಿದ್ದಳು, ಕೇಳದೆ ಯಾವ ಹೆಣ್ಣುಮಗಳೂ ಇದನ್ನು ತಾನಾಗಿ ಬಾಯಿ ಬಿಟ್ಟು ಹೇಳುವುದಿಲ್ಲ.

ಮೂರು ವರ್ಷವಾದರೂ ಮಗುವಾಗಲಿಲ್ಲ. ಮನೆಯವರ ಚಿಂತೆ ಆ ಕಡೆ ತಿರುಗಿತು. ನೋವು ಹಿಂದೆ ಸರಿದು 'ಮಕ್ಕಳಾಗಿಲ್ಲ' ಎಂಬುದೇ ಮುಂದಿನ ಎಲ್ಲ ಚೀಟಿಗಳ ಮೊದಲ ಸಾಲಾಯಿತು. 2020ರಲ್ಲಿ ಪಟ್ಟಣದ ಖಾಸಗಿ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿ 'ನಾರ್ಮಲ್' ಎಂದು ವರದಿ ಕೊಟ್ಟರು. ಆ ಒಂದು ಪದ ಮುಂದಿನ ಮೂರು ವರ್ಷ ಆಕೆಯ ವಿರುದ್ಧ ಸಾಕ್ಷಿಯಾಗಿ ನಿಂತಿತು: ವರದಿ ಸರಿಯಿದ್ದ ಮೇಲೆ ನೋವು ಎಲ್ಲಿಯದು ಎಂದು ಅತ್ತೆ ಕೇಳಿದರು, ಮುಂದೆ ನೋಡಿದ ವೈದ್ಯರೂ ಕೇಳಿದರು. ಹೊಟ್ಟೆಯ ಮೇಲಿನಿಂದ ಮಾಡುವ ಸಾಮಾನ್ಯ ಸ್ಕ್ಯಾನ್‌ನಲ್ಲಿ ಚಾಕೊಲೇಟ್ ಸಿಸ್ಟ್ ದೊಡ್ಡದಾಗಿದ್ದರೆ ಕಾಣಬಹುದು, ಆದರೆ ಪೊರೆಯ ಮೇಲಿನ ಕಲೆಗಳು ಮತ್ತು ಅಂಟಿಕೊಂಡ ಅಂಗಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಎಂಡೊಮೆಟ್ರಿಯೋಸಿಸ್ ಇಲ್ಲ ಎಂದಾಗದು.

ಅದೇ ಅವಧಿಯಲ್ಲಿ ಬಿಳಿ ಮುಟ್ಟು ಎಂದು, ಕಿಬ್ಬೊಟ್ಟೆಯ ಸೋಂಕು ಎಂದು ಆಂಟಿಬಯಾಟಿಕ್ ಕೋರ್ಸುಗಳನ್ನು ಪದೇ ಪದೇ ಬರೆದುಕೊಟ್ಟದ್ದು ಚೀಟಿಗಳಲ್ಲಿ ಕಾಣುತ್ತದೆ. ಇದನ್ನು ಪೂರ್ತಿ ತಪ್ಪು ಎನ್ನಲಾಗದು. ನಮ್ಮ ಭಾಗದಲ್ಲಿ ಸೋಂಕು ನಿಜವಾಗಿಯೂ ಸಾಮಾನ್ಯ, ಮತ್ತು ಗರ್ಭಕೋಶ, ನಾಳಗಳ ಕ್ಷಯರೋಗವೂ ಇದೇ ರೀತಿಯ ನೋವು ಮತ್ತು ಬಂಜೆತನದೊಂದಿಗೆ ಬರುತ್ತದೆ. ತೊಂದರೆ ಆದದ್ದು ಮೊದಲ ಕೋರ್ಸ್ ಫಲ ಕೊಡದಿದ್ದಾಗ ಬೇರೆ ಕಾರಣ ಹುಡುಕದೆ ಅದೇ ಔಷಧವನ್ನು ಮತ್ತೆ ಬರೆದದ್ದರಿಂದ. ಪ್ರತಿ ಬಾರಿ ಹೊಸ ಚೀಟಿ, ಹೊಸ ವೈದ್ಯರು, ಹಳೆಯ ಚೀಟಿ ನೋಡಲು ಸಮಯವಿಲ್ಲದ ಸಾಲು. ಇಷ್ಟೆಲ್ಲ ನಡೆದರೂ ಗಂಡನ ವೀರ್ಯ ಪರೀಕ್ಷೆಯನ್ನು ಯಾರೂ ಬರೆದಿರಲಿಲ್ಲ.

ಗರ್ಭಚೀಲ ತೆಗೆಸುವ ಸಲಹೆ

2023ರಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ, 25 ವರ್ಷದ, ಮಕ್ಕಳಿಲ್ಲದ ಈ ಮಹಿಳೆಗೆ ಗರ್ಭಚೀಲ ತೆಗೆಸಿಬಿಡುವ ಸಲಹೆ ಕೊಟ್ಟರು. ಹೆಸರಿಲ್ಲದ ನೋವು ಕಲ್ಯಾಣ ಕರ್ನಾಟಕದಲ್ಲಿ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದು ಹೊಸ ಉದಾಹರಣೆಯೇನಲ್ಲ. ಇದೇ ಭಾಗದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು 2015ರ ಸುಮಾರಿಗೆ ಬೆಳಕಿಗೆ ಬಂದು ಮಹಿಳೆಯರು ಬೀದಿಗಿಳಿದು ಹೋರಾಡಿದ್ದನ್ನು ಇಲ್ಲಿಯ ಓದುಗರು ಮರೆತಿರಲಾರರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿ, ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಹಂತಗಳಲ್ಲಿ ನಿಗಾ ಸಮಿತಿಗಳಿರಬೇಕು ಎಂದಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಡಾ. ನರೇಂದ್ರ ಗುಪ್ತಾ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ತೀರ್ಪು ನೀಡಿ, ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಆ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು.

ನಿಗಾ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಗಾ ಸಮಿತಿ ನೋಡುವುದು ಹಾದಿಯ ಕೊನೆಯ ಮೆಟ್ಟಿಲನ್ನು. ಅಲ್ಲಿಗೆ ಬರುವ ಹೊತ್ತಿಗೆ ಹೆಂಗಸು ಹತ್ತು ವರ್ಷ ನೋವು ತಿಂದು, ಸಾಲ ಮಾಡಿ, 'ಹೆಂಗಾರ ಆಗಲಿ, ಇದೊಂದು ಹೋಗಲಿ' ಎನ್ನುವ ಸ್ಥಿತಿಗೆ ಬಂದಿರುತ್ತಾಳೆ. ಈ ಪ್ರಕರಣದಲ್ಲಿ ಅತ್ತೆಯವರೇ ಮೂವತ್ತರ ಹರೆಯದಲ್ಲಿ ಗರ್ಭಚೀಲ ತೆಗೆಸಿಕೊಂಡವರು, ಮತ್ತು ಅದರಿಂದ ತಮಗೆ ನೆಮ್ಮದಿ ಸಿಕ್ಕಿತೆಂದು ಸೊಸೆಗೆ ಮನಃಪೂರ್ವಕವಾಗಿ ಹೇಳುತ್ತಿದ್ದರು. ಗರ್ಭಕೋಶವನ್ನಷ್ಟೇ ತೆಗೆದು ಹೊರಗಿನ ರೋಗವನ್ನು ಹಾಗೇ ಬಿಟ್ಟರೆ ಎಂಡೊಮೆಟ್ರಿಯೋಸಿಸ್‌ನ ನೋವು ಉಳಿಯಬಹುದು. ಅಂಡಾಶಯಗಳನ್ನೂ ತೆಗೆದರೆ 25ರ ಹೆಣ್ಣುಮಗಳು ಅಂದಿನಿಂದಲೇ ಮುಟ್ಟು ನಿಂತವಳಾಗಿ, ಮೂಳೆ ಸವೆತ ಮತ್ತು ಹೃದಯರೋಗದ ಅಪಾಯವನ್ನು ಬೇಗನೆ ಹೊರಬೇಕಾಗುತ್ತದೆ. ಇದನ್ನು ಆ ನರ್ಸಿಂಗ್ ಹೋಮ್‌ನಲ್ಲಿ ಯಾರೂ ಆಕೆಗೆ ವಿವರಿಸಲಿಲ್ಲ. ಆಕೆ ಒಪ್ಪದೆ ಎದ್ದು ಬಂದದ್ದು ಮಗು ಬೇಕೆಂಬ ಒಂದೇ ಕಾರಣಕ್ಕೆ. ಇಬ್ಬರು ಮಕ್ಕಳಿದ್ದಿದ್ದರೆ ಅಂದೇ ಹಣ ಕಟ್ಟಿ ದಾಖಲಾಗುತ್ತಿದ್ದಳು ಎಂದು ಆಕೆಯೇ ಹೇಳಿದ್ದಾಳೆ.

ಪತ್ತೆಯಾದ ಬಗೆ

ದಾರಿ ತೋರಿಸಿದವರು ಊರಿನ ಆಶಾ ಕಾರ್ಯಕರ್ತೆ. ಆಶಾಗಳಿಗೆ ಪ್ರೋತ್ಸಾಹಧನ ಸಿಗುವುದು ಗರ್ಭಿಣಿಯರ ನೋಂದಣಿ, ಹೆರಿಗೆ, ಲಸಿಕೆ, ಕುಟುಂಬ ಯೋಜನೆ, ಕ್ಷಯರೋಗಿಗಳ ಔಷಧ ಮುಂತಾದ ಕೆಲಸಗಳಿಗೆ. ಮುಟ್ಟಿನ ನೋವಿಗೆಂದು ಒಬ್ಬಳನ್ನು ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದರೆ ಒಂದು ದಿನದ ದುಡಿಮೆ ಹೋಗುತ್ತದೆ, ಅಷ್ಟೇ. ಆದರೂ ಈಕೆ ಹೋದರು. 'ಚೀಲ ತಗಸೂದು ಕಡೀ ಮಾತು ತಂಗಿ. ಅದಕಿಂತ ಮೊದಲ ದೊಡ್ಡ ದವಾಖಾನ್ಯಾಗ ಒಮ್ಮೆ ತೋರಸೂಣು' ಎಂದು ಬಸ್ಸಿನಲ್ಲಿ ಎರಡು ತಾಸಿಗೂ ಹೆಚ್ಚು ದೂರದ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿಯ ಸ್ತ್ರೀರೋಗ ವಿಭಾಗದ ಕಿರಿಯ ವೈದ್ಯೆ ಮೊದಲು ಕೈಗೆತ್ತಿಕೊಂಡದ್ದು ಪ್ಲಾಸ್ಟಿಕ್ ಚೀಲದ ಚೀಟಿಗಳನ್ನು. ನೋವು ಮುಟ್ಟಿಗೆ ಎಷ್ಟು ದಿನ ಮುಂಚೆ ಬರುತ್ತದೆ, ಯಾವಾಗ ಇಳಿಯುತ್ತದೆ, ಮಲ ಮೂತ್ರಕ್ಕೆ ಹೋಗುವಾಗ ಹೇಗಿರುತ್ತದೆ, ಗಂಡನ ಜೊತೆಗಿದ್ದಾಗ ಹೇಗೆ, ಶಾಲೆ ಎಷ್ಟು ತಪ್ಪಿತು, ತಾಯಿಗೂ ಹೀಗಿತ್ತೇ ಎಂದು ಒಂದೊಂದಾಗಿ ಕೇಳಿದರು. ಕೈ ಪರೀಕ್ಷೆಯಲ್ಲಿ ಗರ್ಭಕೋಶ ಹಿಂದಕ್ಕೆ ಬಾಗಿ ಅಲುಗಾಡದಂತೆ ಅಂಟಿಕೊಂಡಿರುವುದು ತಿಳಿಯಿತು. ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ ಎಡ ಅಂಡಾಶಯದಲ್ಲಿ ಸುಮಾರು 5 ಸೆಂಟಿಮೀಟರ್ ಗಾತ್ರದ ಚಾಕೊಲೇಟ್ ಸಿಸ್ಟ್ ಕಂಡಿತು. ಹಿಂದಿನ ವರ್ಷಗಳಲ್ಲಿ ಖರ್ಚು ಮಾಡಿಸಿದ ಪರೀಕ್ಷೆಗಳ ಪಟ್ಟಿಗೆ ಹೋಲಿಸಿದರೆ ಇಲ್ಲಿ ಬಳಸಿದ ಸಾಧನ ತೀರ ಸರಳ: ಕ್ರಮಬದ್ಧವಾದ ಪ್ರಶ್ನೆ, ಕೈ ಮತ್ತು ತಿಳಿದವರು ಮಾಡಿದ ಸ್ಕ್ಯಾನ್. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಉದರದರ್ಶಕದಿಂದ (ಲ್ಯಾಪರೊಸ್ಕೋಪ್) ಒಳಗೆ ನೋಡಿದರೆ ಮಾತ್ರ ಈ ರೋಗ ಖಚಿತವಾಗುತ್ತದೆ ಎಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. ಯುರೋಪಿನ ಮಾನವ ಸಂತಾನೋತ್ಪತ್ತಿ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಆ ನಿಲುವನ್ನು ಬದಲಿಸಿತು; ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ ಅಥವಾ ಲಕ್ಷಣಗಳ ಆಧಾರದ ಮೇಲೆ ಕೊಟ್ಟ ಔಷಧ ಫಲ ನೀಡದಿದ್ದಾಗ ಮಾತ್ರ ಅದರತ್ತ ಹೋಗಬಹುದೆಂದಿತು. ಉದರದರ್ಶಕ ಸಲಕರಣೆ ಇಲ್ಲದ ತಾಲ್ಲೂಕುಗಳಿಗೆ ಈ ಬದಲಾವಣೆ ಬಹು ದೊಡ್ಡದು, ಏಕೆಂದರೆ ಅನುಮಾನದ ಹಂತದಲ್ಲಿಯೇ ಚಿಕಿತ್ಸೆ ಆರಂಭಿಸಲು ಅದು ಅವಕಾಶ ಕೊಡುತ್ತದೆ.

ಚಿಕಿತ್ಸೆ ಮತ್ತು ಅದರ ಇಕ್ಕಟ್ಟು

ಮೊದಲು ಕ್ಷಯರೋಗ ಇಲ್ಲವೆಂದು ಪರೀಕ್ಷೆಗಳಿಂದ ಖಚಿತಪಡಿಸಿಕೊಂಡರು. ಗಂಡನ ವೀರ್ಯ ಪರೀಕ್ಷೆ ಮೊದಲ ಬಾರಿಗೆ ನಡೆಯಿತು, ದೋಷ ಕಾಣಲಿಲ್ಲ. ಹಿಮೊಗ್ಲೋಬಿನ್ ತೀರ ಕಡಿಮೆ ಇದ್ದುದರಿಂದ ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು ಕೆಲವು ವಾರ ಕಾದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಉದರದರ್ಶಕ ಶಸ್ತ್ರಚಿಕಿತ್ಸೆ ಮಾಡಿದರು. ಸಿಸ್ಟ್ ತೆಗೆದು, ಅಂಟಿಕೊಂಡಿದ್ದ ಭಾಗಗಳನ್ನು ಸಾಧ್ಯವಿದ್ದಷ್ಟು ಬಿಡಿಸಿದರು. ಪ್ರಯೋಗಾಲಯದ ವರದಿ ಎಂಡೊಮೆಟ್ರಿಯೋಸಿಸ್ ಎಂದು ದೃಢಪಡಿಸಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಒದಗಿಸುವ ಈ ಯೋಜನೆ ಇಲ್ಲದಿದ್ದರೆ ಆಕೆ ಆ ಮೇಜಿನವರೆಗೆ ತಲುಪುತ್ತಿರಲಿಲ್ಲ.

ಮುಂದಿನ ನಿರ್ಧಾರ ಸುಲಭವಾಗಿರಲಿಲ್ಲ. ಈ ಕಾಯಿಲೆಯ ನೋವನ್ನು ತಗ್ಗಿಸುವ ಹಾರ್ಮೋನು ಔಷಧಗಳೆಲ್ಲ ಅಂಡೋತ್ಪತ್ತಿಯನ್ನು ತಡೆಯುತ್ತವೆ ಇಲ್ಲವೇ ಗರ್ಭಧಾರಣೆಗೆ ಅಡ್ಡಿಯಾಗುತ್ತವೆ. ಮಗು ಬೇಕೆನ್ನುವವಳಿಗೆ ಅವನ್ನು ಕೊಡುವಂತಿಲ್ಲ. ಸಿಸ್ಟ್ ತೆಗೆಯುವಾಗ ಅಂಡಾಶಯದ ಆರೋಗ್ಯಕರ ಭಾಗವೂ ಸ್ವಲ್ಪ ನಷ್ಟವಾಗುವುದರಿಂದ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸುವುದೂ ಸರಿಯಲ್ಲ. ಆರೇಳು ತಿಂಗಳು ಔಷಧವಿಲ್ಲದೆ ಪ್ರಯತ್ನಿಸುವುದು, ಆಗದಿದ್ದರೆ ಪ್ರನಾಳ ಶಿಶು ಚಿಕಿತ್ಸೆಯ ಬಗ್ಗೆ ಯೋಚಿಸುವುದು ಎಂದು ವೈದ್ಯರು ಹೇಳಿದರು. ಆ ಚಿಕಿತ್ಸೆಯ ಖರ್ಚು ಕೂಲಿಯ ಮನೆಯ ಅಳತೆಗೆ ಸಿಗುವಂಥದ್ದಲ್ಲ. ಇದನ್ನು ಬರೆಯುವ ಹೊತ್ತಿಗೆ ಆಕೆ ಗರ್ಭಿಣಿಯಾಗಿಲ್ಲ. ನೋವು ಮೊದಲಿನ ಅರ್ಧಕ್ಕಿಂತ ಕಡಿಮೆ ಇದೆ, ನಾಟಿಗೆ ಇಂಜೆಕ್ಷನ್ ಇಲ್ಲದೆ ಹೋಗುತ್ತಾಳೆ. ಗಂಡ ಜೊತೆಗಿದ್ದಾನೆ. ಆದರೆ 16ರಲ್ಲಿ ಪತ್ತೆಯಾಗಿ 17ರಲ್ಲಿ ಔಷಧ ಆರಂಭವಾಗಿದ್ದರೆ ಈ ಇಕ್ಕಟ್ಟು ಇಷ್ಟು ಬಿಗಿಯಾಗುತ್ತಿರಲಿಲ್ಲ ಎಂಬುದು ಈ ಪ್ರಕರಣ ಬಲ್ಲ ಎಲ್ಲರ ಮನಸ್ಸಿನಲ್ಲಿದೆ.

ಸರ್ಕಾರಗಳು ಮಾಡಿದ್ದು, ಮಾಡಬಹುದಾದದ್ದು

ತಡವಾಗಿ ಪತ್ತೆಯಾಗುವುದು ನಮ್ಮ ಜಿಲ್ಲೆಗಳ ದೋಷ ಮಾತ್ರವಲ್ಲ. ಬ್ರಿಟನ್ನಿನ ಸಂಸದರ ಸರ್ವಪಕ್ಷ ಗುಂಪು 2020ರ ಅಕ್ಟೋಬರ್‌ನಲ್ಲಿ ನೀಡಿದ ವರದಿಯ ಪ್ರಕಾರ ಅಲ್ಲಿಯೂ ರೋಗ ಪತ್ತೆಗೆ ಸರಾಸರಿ 8 ವರ್ಷ ಹಿಡಿಯುತ್ತಿತ್ತು. ವ್ಯತ್ಯಾಸವೆಂದರೆ ಕೆಲವು ಸರ್ಕಾರಗಳು ಆ ವರ್ಷಗಳನ್ನು ತಮ್ಮ ಹೊಣೆ ಎಂದು ಒಪ್ಪಿಕೊಂಡವು. ಆಸ್ಟ್ರೇಲಿಯಾ 2018ರ ಜುಲೈನಲ್ಲಿ ಎಂಡೊಮೆಟ್ರಿಯೋಸಿಸ್‌ಗೆಂದೇ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು. ಆಮೇಲೆ ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳಲ್ಲಿಯೇ ಈ ರೋಗ ಮತ್ತು ಕಿಬ್ಬೊಟ್ಟೆ ನೋವಿನ ಕೇಂದ್ರಗಳನ್ನು ತೆರೆಯಿತು. 2025ರ ಜುಲೈ 1ರಿಂದ ಸ್ತ್ರೀರೋಗ ತಜ್ಞರು 45 ನಿಮಿಷ ಅಥವಾ ಹೆಚ್ಚು ಕಾಲ ರೋಗಿಯೊಂದಿಗೆ ಮಾತನಾಡಿದರೆ ಅದಕ್ಕೆ ಸರ್ಕಾರಿ ವಿಮೆಯಿಂದ ಪ್ರತ್ಯೇಕ ಹಣ ಕೊಡತೊಡಗಿತು. ಈ ಕೊನೆಯ ಕ್ರಮವನ್ನು ಗಮನಿಸಬೇಕು. ಅಲ್ಲಿ ಹಣ ಹೋಗಿರುವುದು ಕೇಳುವ ಸಮಯಕ್ಕೆ. ಫ್ರಾನ್ಸ್‌ನಲ್ಲಿ ಅಧ್ಯಕ್ಷ ಮ್ಯಾಕ್ರನ್ 2022ರ ಜನವರಿಯಲ್ಲಿ ರಾಷ್ಟ್ರೀಯ ಕಾರ್ಯತಂತ್ರ ಘೋಷಿಸಿ, ಇದು ಹೆಂಗಸರ ಸಮಸ್ಯೆಯಲ್ಲ, ಸಮಾಜದ ಸಮಸ್ಯೆ ಎಂದರು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂಬಯಿಯ ಸಂತಾನೋತ್ಪತ್ತಿ ಆರೋಗ್ಯ ಸಂಸ್ಥೆ ಹಲವು ಕೇಂದ್ರಗಳ ಭಾರತೀಯ ರೋಗಿಗಳ ಲಕ್ಷಣ ಮತ್ತು ತಳಿಗುಣಗಳನ್ನು ಅಧ್ಯಯನ ಮಾಡುವ ಕೆಲಸವನ್ನು ಕೈಗೊಂಡಿದೆ. ಅದು ಬೇಕಾದ ಕೆಲಸ.

ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಮುಟ್ಟಿನ ನೋವು ಆಡಳಿತದ ಕಡತದಲ್ಲಿ ಜಾಗ ಪಡೆದದ್ದು ನಿಜಕ್ಕೂ ಸಂತೋಷದ ವಿಷಯ. ಆದರೆ ಎಕರೆ ಲೆಕ್ಕದಲ್ಲಿ ನಾಟಿ ಮಾಡುವವಳಿಗೆ ರಜೆ ಕೊಡುವ ಮಾಲೀಕನೂ ಇಲ್ಲ, ರಜೆ ಬರೆಯುವ ಪುಸ್ತಕವೂ ಇಲ್ಲ. ಅವಳಿಗೆ ಉಪಯೋಗವಾಗುವುದು ನೋವು ಕಡಿಮೆ ಮಾಡುವ ಚಿಕಿತ್ಸೆ ಮಾತ್ರ, ಅದೂ ಹತ್ತಿರದಲ್ಲಿ ಸಿಗುವಂಥದ್ದು.

ಆ ಚಿಕಿತ್ಸೆಯ ಒಂದು ಭಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಈಗಾಗಲೇ ಇದೆ, ಮತ್ತು ಈ ಬರಹದ ಮುಖ್ಯ ಮಾತು ಅದೇ. ಕುಟುಂಬ ಯೋಜನೆಗೆಂದು ಸರ್ಕಾರ ಉಚಿತವಾಗಿ ಕೊಡುವ ಮಾಲಾ–ಎನ್ ಮಾತ್ರೆ ಎರಡು ಹಾರ್ಮೋನುಗಳ ಸಂಯುಕ್ತ ಮಾತ್ರೆ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಇಂಜೆಕ್ಷನ್ ಒಂದೇ ಹಾರ್ಮೋನು ಇರುವ ಪ್ರೊಜೆಸ್ಟೋಜನ್ ಗುಂಪಿನದು. ಎಂಡೊಮೆಟ್ರಿಯೋಸಿಸ್‌ನ ನೋವಿಗೆ ಜಗತ್ತಿನ ಮಾರ್ಗಸೂಚಿಗಳು ಮೊದಲ ಹಂತದಲ್ಲಿ ಸೂಚಿಸುವ ಔಷಧಗಳು ಈ ಎರಡು ಗುಂಪುಗಳಲ್ಲಿಯೇ ಇವೆ. ಕೆಲವು ಬಗೆಯ ಅರೆತಲೆನೋವು (ಮೈಗ್ರೇನ್), ಅಧಿಕ ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ಚರಿತ್ರೆ ಇರುವವರಿಗೆ ಸಂಯುಕ್ತ ಮಾತ್ರೆ ಸಲ್ಲದು. ಇಂಜೆಕ್ಷನ್ನಿನ ದೀರ್ಘ ಬಳಕೆಯಿಂದ ಮೂಳೆಯ ಸಾಂದ್ರತೆ ಇಳಿಯಬಹುದು, ಎಳೆಯ ವಯಸ್ಸಿನವರಲ್ಲಿ ಇದನ್ನು ವಿಶೇಷವಾಗಿ ಯೋಚಿಸಬೇಕು. ಹಾಗಾಗಿ ಇವು ವೈದ್ಯರ ವಿವೇಚನೆಯ ಔಷಧಗಳು, ಹಂಚುವ ವಸ್ತುಗಳಲ್ಲ. ಆದರೂ ದಂಪತಿ ಪಟ್ಟಿಯಲ್ಲಿ ಹೆಸರಿದ್ದವಳಿಗೆ ಗರ್ಭನಿರೋಧಕವಾಗಿ ಸಿಗುವ ಅದೇ ಮಾತ್ರೆ, ನೋವಿನಿಂದ ಶಾಲೆ ಬಿಡುವ 16ರ ಹುಡುಗಿಗೆ ಔಷಧವಾಗಿ ಸಿಗುವ ದಾರಿ ಎಲ್ಲಿಯೂ ಬರೆದಿಲ್ಲ. ಬರೆಯಲು ಹೊಸ ಕಟ್ಟಡ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಪುಟದ ಚಿಕಿತ್ಸಾ ಸೂಚಿ, ಸ್ನೇಹ ಕ್ಲಿನಿಕ್‌ನ ನೋಂದಣಿ ಪುಸ್ತಕದಲ್ಲಿ ನೋವಿಗೊಂದು ಅಂಕಣ, ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಕಳುಹಿಸುವ ಶಿಫಾರಸು ಪತ್ರ, ಅಲ್ಲಿ ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ ಈ ರೋಗ ಗುರುತಿಸುವ ತರಬೇತಿ ಪಡೆದ ಒಬ್ಬರು ಇದ್ದರೆ ಆರಂಭಕ್ಕೆ ಸಾಕು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಮೇಲಿನ ನಿಗಾ ಸಮಿತಿಗಳೂ ಪ್ರತಿ ಪ್ರಕರಣದಲ್ಲಿ 'ಇದಕ್ಕೆ ಮೊದಲು ಯಾವ ಔಷಧ, ಎಷ್ಟು ತಿಂಗಳು ಕೊಡಲಾಗಿತ್ತು' ಎಂದು ಕೇಳಿದರೆ, ಕೆಳಗಿನ ಹಂತದಲ್ಲಿ ಔಷಧ ಕೊಡುವ ಒತ್ತಡ ತಾನಾಗಿ ಹುಟ್ಟುತ್ತದೆ.

ಕಷ್ಟ ಎಲ್ಲಿದೆ ಎಂಬುದೂ ಈ ಪ್ರಕರಣದಿಂದಲೇ ತಿಳಿಯುತ್ತದೆ. ಆಕೆಯ ತಂಗಿಗೆ ಈಗ 15 ವರ್ಷ. ಅಕ್ಕನ ರೋಗ ಗೊತ್ತಾದ ಮೇಲೆ ಅದೇ ಆಶಾ ಕಾರ್ಯಕರ್ತೆ ತಾಯಿಯನ್ನು ಒಪ್ಪಿಸಿ ಹುಡುಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದರು. ತಿಂಗಳಿಗೆ ಎರಡು ದಿನ ಶಾಲೆ ತಪ್ಪುತ್ತದೆ, ಮಾತ್ರೆ ನುಂಗಿದರೂ ನೋವು ಪೂರ್ತಿ ಇಳಿಯುವುದಿಲ್ಲ ಎಂದು ಹುಡುಗಿ ಹೇಳಿದಳು. ವೈದ್ಯೆ ಹಾರ್ಮೋನು ಮಾತ್ರೆಯ ಮಾತೆತ್ತಿದಾಗ ತಾಯಿ ಎದ್ದು ನಿಂತರು: 'ಮದುವಿ ಆಗದ ಹುಡುಗಿಗೆ ಅದನ್ನ ಕೊಟ್ಟರ ಮುಂದ ಮಕ್ಕಳಾಗತಾವೇನ್ರಿ ಮೇಡಮ್? ಊರಾಗ ಗೊತ್ತಾದರ ಏನಂತಾರ?' ಮಾತ್ರೆ ನಿಲ್ಲಿಸಿದ ಮೇಲೆ ಅಂಡೋತ್ಪತ್ತಿ ಮರಳುತ್ತದೆ, ಇದು ಮುಂದೆ ಮಕ್ಕಳಾಗುವುದನ್ನು ತಡೆಯುವುದಿಲ್ಲ ಎಂದು ವೈದ್ಯೆ ಎರಡು ಬಾರಿ ವಿವರಿಸಿದರು. ತಾಯಿ ಒಪ್ಪಲಿಲ್ಲ. ಆ ಭಯಕ್ಕೆ ಒಂದು ಹೊರರೋಗಿ ಚೀಟಿಯ ಐದು ನಿಮಿಷದಲ್ಲಿ ಉತ್ತರ ಸಿಗುವುದಿಲ್ಲ. ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ ಇದೇ ಮಾತು ಹಲವು ಬಾಯಿಗಳಿಂದ ಕೇಳಿಬರಬೇಕು. ಸದ್ಯಕ್ಕೆ ನೋವು ಶುರುವಾಗುವ ಮುನ್ನವೇ ಊಟದ ನಂತರ ತೆಗೆದುಕೊಳ್ಳುವ ನೋವಿನ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ ಬರೆದು, ಮೂರು ತಿಂಗಳ ನಂತರ ಮತ್ತೆ ಬರುವಂತೆ ದಿನಾಂಕ ಕೊಟ್ಟು, ಚೀಟಿಯಲ್ಲಿ ತಪ್ಪಿದ ಶಾಲಾ ದಿನಗಳ ಸಂಖ್ಯೆಯನ್ನೂ ಅಕ್ಕನಿಗೆ ಎಂಡೊಮೆಟ್ರಿಯೋಸಿಸ್ ಇರುವುದನ್ನೂ ವೈದ್ಯೆ ದಾಖಲಿಸಿದ್ದಾರೆ. ಮುಂದಿನ ಭೇಟಿಗೆ ತಾಯಿಯ ಜೊತೆ ಅಕ್ಕನೂ ಬರುವುದೆಂದು ನಿಶ್ಚಯವಾಗಿದೆ.